ಗಿರಣಿಯ ಗೋಡೆಗೆ ಬರೆದ ಹೆಸರು

"ಯಾರೂ ಅಲ್ಲ ಅಂದ್ರ ಹೆಂಗಲೇ? ಹೆಣ ತಾನ ನಡಕೊಂಡು ಬಂದು ಪೆಟ್ಟಿಗ್ಯಾಗ ಮಲಗಿತೇನು? ತಲಿ ಐತೋ ಇಲ್ಲೋ ನಿನಗ?"

ನಾನು ಹಾಗೆ ಕೂಗಿದಾಗ ಗಿರಣಿಯ ಬೆಲ್ಟು ಇನ್ನೂ ತಿರುಗುತ್ತಿತ್ತು. ಅದರ ಸದ್ದಿಗಿಂತ ನನ್ನ ಗಂಟಲೇ ಜೋರು ಎಂದು ಊರಲ್ಲಿ ಮಾತಿದೆ. ಎದುರಿಗೆ ಫಕೀರಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಹೋಳನ್ನು ಹಲ್ಲಿನ ಸಂದಿಯಲ್ಲಿಟ್ಟು ಕಡಿಯುತ್ತಿದ್ದ. ಅವನಿಗೆ ಅವಸರ ಎನ್ನುವುದೇ ಗೊತ್ತಿಲ್ಲ.

"ಮಲಗಿರಬಹುದು," ಎಂದ. "ಥಂಡಿ ದೇಶ. ಒಳಗ ಬೆಚ್ಚಗಿರತೈತಿ ಅಂತ ಮುದುಕ ಹೋಗಿ ಕುಂತಿರಬೇಕು. ಮುಚ್ಚಳ ಬಿದ್ದಿರಬೇಕು. ಕೀಲಿ ತಾನ ಹಾಕ್ಕೊಂಡಿರಬೇಕು. ಅಂಥಾ ಕೀಲಿ ನಾ ಬೇಕಾದಷ್ಟು ನೋಡೇನಿ."

"ಎಂಟು ವಾರ ಟೀವ್ಯಾಗ ನೋಡೀವಲೇ! ಆ ಹಲ್ಲುಕಡ್ಡಿ ಕಚ್ಚೋ ಪತ್ತೇದಾರ ಸಾಹೇಬ ಎಂಟು ವಾರ ಮಂಜಿನಾಗ ಅಲೆದಾಡಿದ್ದು ಕೀಲಿ ತಾನ ಬಿತ್ತು ಅನ್ನೂದಕ್ಕೇನು?"

"ಪಾಪ, ಅಂವಗೂ ನೌಕರಿ ಐತಲ್ಲೋ. ಅಲೆದಾಡ್ತಾನ."

ಕೂತವರೆಲ್ಲ ನಕ್ಕರು. ನನಗೆ ಇನ್ನಷ್ಟು ಸಿಟ್ಟು ಬಂತು. ಕೈಯಲ್ಲಿದ್ದ ಹಿಟ್ಟಿನ ಮೊರವನ್ನು ನೆಲಕ್ಕೆ ಒಗೆದೆ. "ಸಣ್ಣ ಅಳಿಯ! ಬರಿ ಭರಮಪ್ಪ, ಸಣ್ಣ ಅಳಿಯ!" ಎಂದೆ. ಸುಣ್ಣ ಬಳಿಯುವ ಭರಮಪ್ಪ ಕುಂಚ ಅದ್ದಿ ಗೋಡೆಗೆ ಹಾಗೆಯೇ ಬರೆದ. ಜನ ಉಸ್ಸೆಂದು ಉಸಿರು ಬಿಟ್ಟು, ತಮ್ಮ ತಮ್ಮ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಮನೆಗೆ ಹೋದರು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಊರಿನ ಟೀವಿಯಲ್ಲಿ ಕೊಲೆಗಾರನ ಹೆಸರು ಬರುವುದಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸುತ್ತಾನೆ, ಹಿಂದೆ ಮುಂದೆ ಓಡಾಡುತ್ತಾನೆ, ನಿಲ್ಲುತ್ತಾನೆ, ಬೆರಳೆತ್ತುತ್ತಾನೆ. ಅಷ್ಟರಲ್ಲಿ ಪರದೆ ಜರಡಿ ಹಿಡಿದ ಹಿಟ್ಟಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಸಾಬೂನಿನ ಜಾಹೀರಾತು. ಟಾಕೀಸಿನಲ್ಲಿ ಪತ್ತೇದಾರಿ ಸಿನಿಮಾ ಹಾಕಿದರೂ ಅಷ್ಟೇ, ಕಡೆಯ ಹತ್ತು ನಿಮಿಷ ಬರೀ ಬಿಳಿ. ಪರವೂರಿಗೆ ಹೋಗಿ ನೋಡಿ ಬಂದವರೂ ಇದ್ದಾರೆ. ನನ್ನ ಹೆಂಡತಿ ದ್ಯಾಮವ್ವ ಒಮ್ಮೆ ತವರಿನಲ್ಲಿ ಕೊನೆಯ ಕಂತು ನೋಡಿ, ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು. ಊರ ಅಗಸಿ ಬಾಗಿಲು ದಾಟಿ ಒಳಗೆ ಬಂದು ಗಂಟು ಬಿಚ್ಚಿದರೆ ಚೀಟಿ ಖಾಲಿ. ಅವಳ ತಲೆಯೂ ಖಾಲಿ.

ಅದಕ್ಕೇ ಈ ಗೋಡೆ. ಗಿರಣಿಯ ಮುಂಗೋಡೆಗೆ ನನ್ನ ಅಪ್ಪ ಮಸಿ ಬಳಿದು ಕೊಟ್ಟದ್ದು. ಕೊನೆಯ ಕಂತಿನ ಮರುದಿನ ಬೆಳಿಗ್ಗೆ ಊರು ಸೇರುತ್ತದೆ, ಜಗಳಾಡುತ್ತದೆ, ಒಂದು ಹೆಸರಿಗೆ ಬರುತ್ತದೆ. ಭರಮಪ್ಪ ಅದನ್ನು ಸುಣ್ಣದಲ್ಲಿ ಬರೆಯುತ್ತಾನೆ. ಬರೆದ ಮೇಲೆ ಯಾರೂ ಮಾತಾಡುವಂತಿಲ್ಲ. ಹೆಸರು ತಪ್ಪಾಗಿದೆ ಎನಿಸಿದರೆ ಒರೆಸಬಹುದು, ಆದರೆ ಅದೇ ಜಾಗದಲ್ಲಿ ಕೂಡಲೇ ಇನ್ನೊಂದು ಹೆಸರು ಬರೆಯಬೇಕು. ಖಾಲಿ ಬಿಡುವಂತಿಲ್ಲ. ಹಿಂದೆ ಒಂದು ಸಿನಿಮಾಕ್ಕೆ ಮೂರು ದಿನ ಹೆಸರು ಗಟ್ಟಿಯಾಗದೆ ಊರಲ್ಲಿ ಯಾರಿಗೂ ನಿದ್ದೆ ಬಂದಿರಲಿಲ್ಲ. ಕೂಸುಗಳು ಮೊಲೆ ಬಿಟ್ಟಿದ್ದವು, ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿದಿತ್ತು.

ನಾನು ಕಲಿತದ್ದು ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ. ಆದರೂ ಈ ವಿಷಯದಲ್ಲಿ ಊರಿಗೆ ನನ್ನ ಮಾತೇ ಕಡೆಯ ಮಾತು, ಯಾಕೆಂದರೆ ನಾನು ಬಿಡದೆ ನೋಡುತ್ತೇನೆ, ಮುಲಾಜಿಲ್ಲದೆ ಬೈಯುತ್ತೇನೆ. ಕೊಲೆಯನ್ನು ಮನೆಯ ಆಳಿನ ಮೇಲೆ ಹಾಕುವ ಕಥೆ ಬರೆದವನು ಸೋಮಾರಿ. ಹೆಣದ ಮೈ ಇನ್ನೂ ಬಿಸಿಯಿರುವಾಗ ಗುಡ್ಡದ ಮೇಲೆ ಹಾಡಿಗೆ ಕುಣಿಯುವ ನಾಯಕನನ್ನು ಮೊದಲು ಜೈಲಿಗೆ ಹಾಕಬೇಕು. ಪರದೇಶದ ಧಾರಾವಾಹಿಗಳು ಒಳ್ಳೆಯವು, ಆದರೆ ಕನ್ನಡದ ಮಾತು ಕೊಡುವಾಗ ಒಬ್ಬನೇ ಮನುಷ್ಯ ಮೂಗು ಹಿಡಿದು ಹತ್ತು ಮಂದಿಯ ದನಿ ತೆಗೆದಿರುತ್ತಾನೆ. ಕೊಲೆಗಾರನೂ ಪೊಲೀಸನೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತಾರೆ. ಮಂಗಳವಾರದ ಧಾರಾವಾಹಿಯ ಹೆಣ್ಣು ಇನ್ಸ್‌ಪೆಕ್ಟರ್ ಮಾತ್ರ ನನಗೆ ಮೆಚ್ಚುಗೆ. ಕಡಿಮೆ ಮಾತು. ತುರುಬು ಬಿಗಿದು, ಎದುರಿನವನ ಮುಖ ಬಿಟ್ಟು ಚಪ್ಪಲಿ ನೋಡುತ್ತಾಳೆ. ಅಂಥವಳಿಗೆ ಕಂತಿಗೊಮ್ಮೆ ಅಳುವ ಗಂಡನನ್ನು ಯಾಕೆ ಕಟ್ಟಿದರೋ, ಆ ಕಥೆಯವನನ್ನು ಕಂಡರೆ ಕೇಳಬೇಕು. ಇಷ್ಟೆಲ್ಲ ನೋಡಿ ನಾನು ಮೂರು ಕಟ್ಟಳೆ ಮಾಡಿಕೊಂಡಿದ್ದೆ. ಹೆಣವನ್ನು ಮೊದಲು ಕಂಡವನನ್ನು ನಂಬಬಾರದು. ಅಳದವನನ್ನು ನಂಬಬಾರದು. ಮನೆಯವರನ್ನಂತೂ ನಂಬಲೇಬಾರದು.

ಫಕೀರಪ್ಪನದು ಒಂದೇ ಕಟ್ಟಳೆ: ಯಾರೂ ಅಲ್ಲ. ಮೂವತ್ತು ವರ್ಷ ಪ್ರತಿ ಧಾರಾವಾಹಿಗೂ, ಪ್ರತಿ ಸಿನಿಮಾಕ್ಕೂ ಅವನು ಹೇಳಿದ್ದು ಅದೊಂದೇ. ಅವನದು ಬೀಗ, ಸ್ಟವ್, ಛತ್ರಿ ದುರಸ್ತಿಯ ಅಂಗಡಿ. "ಹತ್ತು ಕೀಲಿ ಕೆಟ್ಟು ಬಂದ್ರ ಒಂಬತ್ತು ತಾವ ಕೆಟ್ಟಿರ್ತಾವ," ಎನ್ನುತ್ತಿದ್ದ. "ತಂದವ್ರು ಮಾತ್ರ ಕಳ್ಳ ಬಂದಿದ್ದ, ಕಳ್ಳ ಬಂದಿದ್ದ ಅಂತಾರ. ಜಂಗು ಹಿಡೀತು ಅಂದ್ರ ಯಾರೂ ಒಪ್ಪೂದಿಲ್ಲ." ಊರು ಅವನ ಮಾತಿಗೆ ನಗುತ್ತಿತ್ತು, ನಾನು ಬೈಯುತ್ತಿದ್ದೆ, ಆಮೇಲೆ ಇಬ್ಬರೂ ಒಂದೇ ಬಟ್ಟಲಿನ ಚಹಾ ಹಂಚಿಕೊಳ್ಳುತ್ತಿದ್ದೆವು.

ಅವನ ಹೆಂಡತಿ ನೀಲವ್ವ ಜೋಳ ತಂದಾಗಲೆಲ್ಲ ನನ್ನ ಜೊತೆ ಧಾರಾವಾಹಿಯ ಮಾತಾಡುತ್ತಿದ್ದಳು. "ಎಂಟು ವಾರ ಆತು, ಆ ಪೆಟ್ಟಿಗ್ಯಾಗಿನ ಮುದುಕಗ ಏನು ತಿನ್ನೂದು ಇಷ್ಟ ಇತ್ತು ಅಂತ ಒಬ್ಬರರ ಹೇಳಿದರೇನಣ್ಣ?" ಎಂದು ಕೇಳಿದಳು ಒಂದು ಸಲ. "ಸತ್ತಾಂವನ್ನ ಎರಡನೇ ವಾರಕ್ಕ ಮರತಬಿಡ್ತಾರ. ಬರೇ ಕೊಂದಾಂವಂದ ಧ್ಯಾನ." ನಾನು, "ಅದಕ್ಕ ಪತ್ತೇದಾರಿ ಅಂತಾರವ್ವ, ತಿಥಿ ಊಟ ಅಲ್ಲ ಇದು," ಎಂದೆ. ಅವಳು ನಕ್ಕಳು.

ಅದಾದ ಮೂರನೇ ವಾರ, ಬುಧವಾರ ಮಧ್ಯಾಹ್ನ, ನೀಲವ್ವ ಹೊಂಡದ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದಳು. ಬಟ್ಟೆ ಒಗೆಯಲು ಹೋದವಳು ಊಟದ ಹೊತ್ತಾದರೂ ಬರಲಿಲ್ಲವೆಂದು ಫಕೀರಪ್ಪ ನೋಡಲು ಹೋದ. ಅವನೇ ಮೊದಲು ಕಂಡದ್ದು. ತಲೆಯ ಹಿಂಬದಿ ಒಡೆದಿತ್ತು. ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಯಾರನ್ನೂ ಕೂಗದೆ, ಬಜಾರದ ನಡುವೆ ಹಾದು ಮನೆಗೆ ತಂದ. ಮುಖದಲ್ಲಿ ಒಂದು ಹನಿ ನೀರಿಲ್ಲ. ಪೊಲೀಸ್ ಫೌಜದಾರ ಬಂದ, ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿದ, ಜಾರಿ ಬಿದ್ದು ಸತ್ತಳೆಂದು ಬರೆದುಕೊಂಡು ಹೋದ.

ಆದರೆ ಊರಿಗೆ ನಿದ್ದೆ ಬರಲಿಲ್ಲ. ಮಣ್ಣಾದ ಐದನೇ ದಿನ, ಯಾರೂ ಕರೆಯದೆ, ಭರಮಪ್ಪ ಸುಣ್ಣದ ಬಕೀಟು ಹಿಡಿದು ಗಿರಣಿಯ ಮುಂದೆ ಬಂದು ನಿಂತ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ನೀಲವ್ವನ ಮಗಳು ಕಸ್ತೂರಿಯೂ ಬಂದಳು. ಇಪ್ಪತ್ತೆರಡರ ಹುಡುಗಿ, ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುವವಳು. ಕಣ್ಣು ಊದಿದ್ದವು.

"ಕಾಕಾ," ಎಂದಳು, "ಯಾರಂತ?"

ಇದು ಟೀವಿಯಲ್ಲವ್ವ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ನಾನು ಫಕೀರಪ್ಪನ ಕಡೆ ತಿರುಗಿ, "ನೀ ಹೇಳಪಾ, ನಿನ್ನ ಹೇಣ್ತಿ. ಯಾರ ಮ್ಯಾಲರ ಸಂಶೇ ಐತೇನು?" ಎಂದೆ.

ಅವನು ತಲೆಯೆತ್ತದೆ, "ಯಾರೂ ಅಲ್ಲ," ಎಂದ.

ಧಾರಾವಾಹಿಗೆ ಹೇಳುತ್ತಿದ್ದ ಅದೇ ದನಿ. ಕೆಲವರು ರೂಢಿಯಂತೆ ನಕ್ಕುಬಿಟ್ಟರು, ನಕ್ಕು ಬಾಯಿ ಮುಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ಸತ್ತು ಐದು ದಿನ, ಈ ಮನುಷ್ಯ ಒಂದು ಸಲ ಅಳುವುದಿಲ್ಲ, ಒಂದು ಸಲ ಕೂಗುವುದಿಲ್ಲ, ಮಗಳು ಕೇಳುತ್ತ ನಿಂತರೂ ಅದೇ ಹಳೇ ಮಾತು.

"ಬಾಯಿ ಬಿಟ್ಟು ಏನರ ಹೇಳಲೇ!"

"ಏನು ಹೇಳಲಿ? ಹೊಂಡದ ಪಾವಟಿಗಿ ಜಾರತಿದ್ವು. ಜಾರಿದ್ಲು. ಹೋದ್ಲು."

"ಯಾರೂ ಅಲ್ಲ, ಯಾರೂ ಅಲ್ಲ! ಮೊದಲು ಕಂಡಾಂವ ನೀನು, ಕಣ್ಣೀರಿಲ್ಲದಾಂವ ನೀನು, ಮನಿಯಾಂವ ನೀನು. ಯಾರೂ ಅಲ್ಲ ಅನ್ನಾಂವನ ಮಾಡಿರ್ತಾನ!"

ಸಿಟ್ಟಿನಲ್ಲಿ ಬಂದ ಮಾತು. ಆದರೆ ಅದು ಬಿದ್ದ ಕೂಡಲೇ ಜನರ ನಡುವಿನಿಂದ "ಹೌದಲಾ!" ಎಂದು ಒಂದು ದನಿ ಬಂತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲರದೂ. ಸುಳ್ಳು ಹೇಳುವುದಿಲ್ಲ, ಆ "ಹೌದಲಾ" ಕೇಳಿ ನನ್ನ ಎದೆ ಉಬ್ಬಿತು. ಮೂವತ್ತು ವರ್ಷದಲ್ಲಿ ನನ್ನ ಮೂರು ಕಟ್ಟಳೆಗಳು ಒಟ್ಟಿಗೆ ಹೊಂದಿದ್ದು ಅದೇ ಮೊದಲು. ಭರಮಪ್ಪ ಕುಂಚ ಅದ್ದಿ ನನ್ನ ಮುಖ ನೋಡಿದ. ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವನು ಬರೆದ: ಫಕೀರಪ್ಪ.

ಫಕೀರಪ್ಪ ಗೋಡೆಯನ್ನು ಓದಿದ. ಆಮೇಲೆ ಮಗಳನ್ನು ನೋಡಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದು ದ್ಯಾಮವ್ವನ ಸೆರಗು ಹಿಡಿದುಕೊಂಡಿದ್ದಳು.

ಆ ದಿನದಿಂದ ಕಸ್ತೂರಿ ನಮ್ಮ ಮನೆಯಲ್ಲಿ ಉಳಿದಳು. ಫಕೀರಪ್ಪನನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ನಾನೇ ನಡುವೆ ಬೀಳುತ್ತಿದ್ದೆನೇನೋ. ಊರವರಿಗೆ ಸಿಟ್ಟೇ ಇರಲಿಲ್ಲ. ಮುಗಿದ ಧಾರಾವಾಹಿಯ ನಟನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವರ ಹಾಗೆ ನಿಂತು ನೋಡಿ, ತೃಪ್ತಿಯಿಂದ ಮುಂದೆ ಹೋಗುತ್ತಿದ್ದರು. ಬೀಗ ದುರಸ್ತಿಗೆ ಅವನಿಗೇ ಕೊಡುತ್ತಿದ್ದರು. ಊರು ಚೆನ್ನಾಗಿ ನಿದ್ದೆ ಮಾಡಿತು. ಗಿರಣಿಗೆ ಬಂದ ಹೆಂಗಸೊಬ್ಬಳು, "ಛಲೋ ಮುಗಿಸಿದ್ರಿ ಗದಿಗೆಪ್ಪಣ್ಣ, ನನಗ ಮೊದಲ ವಾರದಾಗ ಅಂವನ ಮ್ಯಾಲ ಸಂಶೇ ಇತ್ತು," ಎಂದಳು. ಮೊದಲ ವಾರ ಎಂದರೆ ಯಾವ ವಾರ ಎಂದು ನಾನು ಕೇಳಲಿಲ್ಲ. ನೀಲವ್ವನ ಹೆಸರನ್ನಂತೂ ಯಾರೂ ಎತ್ತುತ್ತಿರಲಿಲ್ಲ.

ಮನೆಯಲ್ಲಿ ಕಸ್ತೂರಿ ತಾಟಿನ ಮುಂದೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಫಕೀರಪ್ಪ ದಿನಾ ಸಂಜೆ ಬಂದು ನಮ್ಮ ಬಾಗಿಲ ಹೊರಗೆ ನಿಲ್ಲುತ್ತಿದ್ದ. "ಕಸ್ತೂರಿ," ಎಂದು ಒಂದೇ ಸಲ ಕರೆಯುತ್ತಿದ್ದ. ಅವಳು ಒಳಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದ. ನನ್ನ ಜೊತೆ ಮಾತಿಲ್ಲ. ಹೀಗೆ ಹತ್ತೊಂಬತ್ತು ದಿನ ಆಯಿತು. ದ್ಯಾಮವ್ವ ನನಗೆ ರೊಟ್ಟಿ ಬಡಿಸುತ್ತ, "ನೀವು ಒಮ್ಮೆರ ಆ ಹೊಂಡಕ್ಕ ಹೋಗಿ ನೋಡೀರೇನು?" ಎಂದಳು.

ನೋಡಿರಲಿಲ್ಲ. ನೂರಾರು ಪತ್ತೇದಾರರಿಗೆ ಅಲ್ಲಿ ನೋಡಲಿಲ್ಲ, ಇಲ್ಲಿ ನೋಡಲಿಲ್ಲ ಎಂದು ಬೈದವನು ನಾನು. ನನ್ನ ಮನೆಯಿಂದ ಹೊಂಡಕ್ಕೆ ಐದು ನಿಮಿಷದ ದಾರಿ. ಸಾವಾದ ಮೇಲೆ ಊರಲ್ಲಿ ಯಾರೂ ಅಲ್ಲಿಗೆ ಬಟ್ಟೆ ಒಗೆಯಲೂ ಇಳಿದಿರಲಿಲ್ಲ, ಹೋಗಿ ನೋಡಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೋದೆ. ಕೆಳಗಿನ ಮೆಟ್ಟಿಲುಗಳ ಮೇಲೆ ಪಾಚಿ ಅಂಗೈ ದಪ್ಪ ಕೂತಿತ್ತು. ಮೂರನೇ ಮೆಟ್ಟಿಲಲ್ಲಿ ಒಂದು ಹಿಮ್ಮಡಿ ಜಾರಿದ ಗೆರೆ, ಮೊಳದಷ್ಟು ಉದ್ದ, ಇನ್ನೂ ಹಾಗೇ ಇತ್ತು. ಒಂದೇ ಹಿಮ್ಮಡಿ. ಅವಳನ್ನು ಎತ್ತಲು ಬಂದ ಫಕೀರಪ್ಪನ ಹೆಜ್ಜೆಗಳು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದವು; ಗೆರೆಯ ಪಕ್ಕದಲ್ಲಿ ಬೇರೆ ಯಾರದೂ ಹೆಜ್ಜೆಯಿಲ್ಲ. ಅದರ ಕೆಳಗೆ, ಕಲ್ಲಿನ ಸಂದಿಯಲ್ಲಿ, ಒಗೆದು ಹಿಂಡಿದ ಒಂದು ಬನಿಯನ್ ಸಿಕ್ಕಿಕೊಂಡು ಹಿಂಡಿದ ಆಕಾರದಲ್ಲೇ ಒಣಗಿತ್ತು. ಫಕೀರಪ್ಪನದು. ನಾನು ಅದನ್ನು ಬಿಡಿಸಲು ಹೋಗಿ, ಕಾಲು ಜಾರಿ, ಕುಂಡೆಯ ಮೇಲೆ ಬಿದ್ದೆ. ಬಿದ್ದವನು ಅಲ್ಲಿಯೇ ಕೂತೆ. ಇಷ್ಟು ಸುಲಭವಾಗಿ ಮನುಷ್ಯ ಸಾಯುತ್ತಾನೆ ಎಂದು ಯಾವ ಧಾರಾವಾಹಿಯೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಅದನ್ನು ಬೈದು ಟೀವಿ ಆರಿಸುತ್ತಿದ್ದೆ.

ಸೋಮವಾರ ಗಿರಣಿ ನಿಲ್ಲಿಸಿ ಊರನ್ನು ಕರೆದೆ. ಫಕೀರಪ್ಪನಿಗೂ ಹೇಳಿ ಕಳಿಸಿದೆ. ಅವನು ಬಂದು ಎಲ್ಲರ ಹಿಂದೆ ನಿಂತ. ಕಸ್ತೂರಿ ದ್ಯಾಮವ್ವನ ಪಕ್ಕದಲ್ಲಿ. ಜೋಳ ಬೀಸಿಸಲು ಬಂದವರು ಚೀಲ ಹಿಡಿದೇ ನಿಂತಿದ್ದರು.

"ನಾ ಹೇಳಿದ್ದು ಸುಳ್ಳು," ಎಂದೆ. "ಹೊಂಡಕ್ಕ ಹೋಗಿ ನೋಡಿ ಬಂದೇನಿ. ಅಕಿ ಜಾರಿ ಬಿದ್ದಾಳ. ಭರಮಪ್ಪ, ಒರಸು."

ಭರಮಪ್ಪ ಒದ್ದೆ ಅರಿವೆಯಿಂದ ಒರೆಸಿದ. ಒರೆಸಿ, ಕುಂಚ ಅದ್ದಿ, "ಮತ್ತ ಯಾರ್ದು ಬರೀಲಿ?" ಎಂದ.

"ಯಾರ್ದೂ ಬ್ಯಾಡ."

"ಹಂಗಂದ್ರ ಹೆಂಗಣ್ಣ? ಖಾಲಿ ಬಿಡಾಕ ಬರೂದಿಲ್ಲ."

"ನಂದು ಬರಿ! ನನ್ನ ಹೆಸರು ಬರಿ! ಗದಿಗೆಪ್ಪ ಅಂತ ಬರಿ!"

ಅದಕ್ಕೆ ಊರು ನಕ್ಕಿತು. "ನೀವು ಪತ್ತೇದಾರರಲ್ಲೇನಣ್ಣ," ಎಂದ ಹಿಂದಿನಿಂದ ಒಬ್ಬ. "ಪತ್ತೇದಾರ ಕೊಲಿ ಮಾಡಿದ್ದು ಯಾವ ಸಿನಿಮಾದಾಗ ನೋಡೀರಿ?" ಅಂಥ ಕಥೆ ಬಂದರೆ ಬರೆದವನ ಕೈ ಮುರಿಯಬೇಕೆಂದು ಹೇಳುತ್ತಿದ್ದವನು ನಾನೇ.

ಗೋಡೆಯಲ್ಲಿ ಒರೆಸಿದ ಜಾಗ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಜನ ಅದನ್ನು ನೋಡುತ್ತ ನಿಂತಲ್ಲಿ ನಿಲ್ಲದಾದರು. ಒಂದು ಕೂಸು ಅಳತೊಡಗಿತು, ಅದನ್ನು ಕೇಳಿ ಇನ್ನೊಂದು. ಆಗ ಕಸ್ತೂರಿ ಮುಂದೆ ಬಂದು ನನ್ನ ಕೈ ಹಿಡಿದಳು.

"ಕಾಕಾ, ಅಪ್ಪ ಅಲ್ಲ ಅಂದ್ರಿ. ನನಗ ಅದಷ್ಟ ಸಾಕಾಗಿತ್ತು. ಆದ್ರ ಯಾರದರ ಒಂದು ಹೆಸರು ಹೇಳ್ರಿ. ಯಾರದಾದ್ರೂ ಆಗ್ಲಿ. ನಾ ಈಗಿಂದೀಗ ಅಪ್ಪನ ಕರಕೊಂಡು ಮನಿಗೆ ಹೋಗ್ತೀನಿ. ಯಾರೂ ಇಲ್ಲ ಅಂದ್ರ ರಾತ್ರಿ ಕಣ್ಣು ಮುಚ್ಚಿದ್ರ ನನಗ ಮತ್ತ ಅಪ್ಪನ ಮಾರಿನ ಕಾಣಸ್ತೈತಿ."

ಅವಳು ಈ ಊರಿನ ಮಗಳು. ಅವಳ ತಪ್ಪೇನಿದೆ?

"ಆವತ್ತು ಹೊಂಡದ ದಂಡಿಗೆ ಸಂಕವ್ವ ಕೌದಿ ಒಣಹಾಕಿದ್ದಳಲ್ಲ," ಎಂದಿತು ಯಾವುದೋ ದನಿ. ಎಲ್ಲರೂ ತಿರುಗಿದರು. ಸಂಕವ್ವ ಅಲ್ಲಿಯೇ ಇದ್ದಳು, ಸಜ್ಜೆಯ ಚೀಲವನ್ನು ಎದೆಗೆ ಅವಚಿಕೊಂಡು. ಮನೆಮನೆಗೆ ಹಳೇ ಸೀರೆಗಳ ಕೌದಿ ಹೊಲಿದುಕೊಡುವ ಮುದುಕಿ. ಗಂಡನಿಲ್ಲ, ಮಕ್ಕಳಿಲ್ಲ, ಅವಳ ಪರವಾಗಿ ಬಾಯಿ ತೆರೆಯುವವರು ಒಬ್ಬರೂ ಇಲ್ಲ. "ನಾ ಮುಂಜಾನೆ ಬಂದು ಹೋಗಿದ್ನಿರಪ್ಪ," ಎಂದಳು, ಅಷ್ಟು ಸಣ್ಣ ದನಿಯಲ್ಲಿ. ಭರಮಪ್ಪನ ಕುಂಚ ಆಗಲೇ ಗೋಡೆಯ ಹತ್ತಿರ ಹೋಗಿತ್ತು. ಅವನು ನನ್ನ ಮುಖ ನೋಡಿದ.

ಒಂದು ಹೆಸರು. ಅಪ್ಪ ಮಗಳು ಕೈ ಹಿಡಿದು ಮನೆಗೆ ಹೋಗುತ್ತಾರೆ. ಸಂಕವ್ವನನ್ನು ಯಾರೂ ಹೊಡೆಯುವುದಿಲ್ಲ, ಕೌದಿಯನ್ನೂ ಅವಳಿಂದಲೇ ಹೊಲಿಸುತ್ತಾರೆ. ನಾನು ಇಷ್ಟೆಲ್ಲ ಲೆಕ್ಕ ಹಾಕಿದೆ. ಬಾಯಿಯನ್ನೂ ತೆರೆದೆ. ಹೇಳುತ್ತಿದ್ದೆನೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ.

ಫಕೀರಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಭರಮಪ್ಪನ ಕೈಯಿಂದ ಕುಂಚ ತೆಗೆದುಕೊಂಡ. ಸುಣ್ಣ ಸೋರದ ಹಾಗೆ ಬಕೀಟಿನ ಅಂಚಿಗೆ ಎರಡು ಸಲ ಒರೆಸಿ, ಆ ಒದ್ದೆ ಜಾಗದಲ್ಲಿ ತನ್ನ ಹೆಸರನ್ನು ತಾನೇ ಬರೆದ. ಶಾಲೆಯಲ್ಲಿ ನನ್ನ ಪಕ್ಕ ಕೂತು ಕಲಿತ ಸೊಟ್ಟ ಅಕ್ಷರಗಳು. ಬರೆಯುವಾಗ ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಕಂಡದ್ದು ಪಕ್ಕದಲ್ಲಿದ್ದ ನಾನು, ಕಸ್ತೂರಿ, ಇಬ್ಬರೇ.

"ಪಾಪದ ಮುದುಕಿ, ಅಕಿನ್ನ ಬಿಡ್ರಿ," ಎಂದ.

ಊರು ಉಸ್ಸೆಂದು ಉಸಿರು ಬಿಟ್ಟಿತು. ಕೂಸುಗಳು ಸುಮ್ಮನಾದವು. ಅವನು ಕುಂಚವನ್ನು ಬಕೀಟಿನಲ್ಲಿಟ್ಟು, ಹೆಗಲ ಟವೆಲಿನಿಂದ ಕೈ ಒರೆಸಿಕೊಂಡ. ಮಗಳ ತಲೆಯ ಮೇಲೆ ಕೈಯಿಡಲು ಹೋಗಿ, ಬೆರಳಿಗೆ ಇನ್ನೂ ಸುಣ್ಣ ಹತ್ತಿದ್ದನ್ನು ನೋಡಿ ಹಿಂದೆಗೆದ. ನನ್ನ ಕಡೆ ತಿರುಗಿದ. ಬೈಯಲಿ ಎಂದು ಕಾದೆ.

"ಗದಿಗ್ಯಾ, ಬೆಲ್ಟ್ ಚಾಲೂ ಮಾಡೋ. ಮಂದಿ ಕಾಳು ಹಿಡಕೊಂಡು ನಿಂತಾರ," ಎಂದ.

ಎಂದು ನಡೆದ. ಅಂಗಡಿಯ ಕಡೆಗಲ್ಲ, ಮನೆಯ ಕಡೆಗೂ ಅಲ್ಲ. ಅಗಸಿಯ ಕಡೆಗೆ ಹೋಗುವ ದಾರಿ ಹಿಡಿದು, ಯಾವತ್ತಿನ ಹಾಗೆ ಅವಸರವಿಲ್ಲದೆ. ಚಹಾ ಕುಡಿದು ಬರುತ್ತಾನೆ ಎಂದುಕೊಂಡೆ. ನನ್ನ ಕೈ ಅದರಷ್ಟಕ್ಕೆ ಗುಂಡಿ ಒತ್ತಿತು, ಬೆಲ್ಟು ತಿರುಗಿತು, ಮೊದಲ ಚೀಲ ಸುರಿದೆ. ಆ ಸದ್ದಿನಲ್ಲಿ ಕಸ್ತೂರಿ ಏನೋ ಕೂಗಿದಳು. ನಾನು ಬೆಲ್ಟು ನಿಲ್ಲಿಸುವಷ್ಟರಲ್ಲಿ ದಾರಿ ಖಾಲಿಯಾಗಿತ್ತು.

ಮಧ್ಯಾಹ್ನ ದ್ಯಾಮವ್ವ ಊಟಕ್ಕೆ ಕರೆಯಲು ಬಂದಳು. ಕಸ್ತೂರಿ ಗಿರಣಿಯ ಕಟ್ಟೆ ಬಿಟ್ಟು ಏಳಲಿಲ್ಲ.

"ಅಪ್ಪ ಬರ್ಲಿ," ಎಂದಳು.

ನಾನೂ ಉಣ್ಣದೆ ಅವಳ ಪಕ್ಕ ಕೂತೆ. ಫಕೀರಪ್ಪ ಅಂದು ಬರಲಿಲ್ಲ. ಆಮೇಲೂ ಬರಲಿಲ್ಲ.